ಬೊಟ್ಟು ಬಿದ್ದ ಮೂಲೆ

ಕುಂಬಾರಕೊಪ್ಪಲು, ಮೈಸೂರು
೫ ಏಪ್ರಿಲ್ ೨೦೨೬, ಭಾನುವಾರ

ಪ್ರೀತಿಯ ಮಗಳು ಸಂಘಮಿತ್ರಳಿಗೆ,

ಜೈಭೀಮ್. ನಿಮ್ಮವ್ವನ ಮಂಡಿ ಒಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಂಡಿಯೂ ಚೆನ್ನಾಗಿಯೇ ಇದೆ, ಯಾರಾದರೂ ಕೆಲಸ ಹೇಳಿದಾಗ ಮಾತ್ರ ನೋಯುತ್ತದೆ. (ಈ ಸಾಲನ್ನು ಅವಳಿಗೆ ಓದಿ ಹೇಳಿಲ್ಲ. ನೀನೂ ಫೋನಿನಲ್ಲಿ ಬಾಯಿ ಬಿಡಬೇಡ.) ಹಾಸನದಲ್ಲಿ ನಿನ್ನ ಆರೋಗ್ಯ ಹೇಗಿದೆ? ಪರೀಕ್ಷೆ ಪೇಪರು ತಿದ್ದುವುದು ಮುಗಿಯಿತೆ? ವಿಜ್ಞಾನದ ಪೇಪರಿನಲ್ಲಿ ಮಕ್ಕಳು ಬರೆದ ವಿಚಿತ್ರ ಉತ್ತರಗಳನ್ನು ನೀನು ಮೊದಲೆಲ್ಲ ಓದಿ ಹೇಳುತ್ತಿದ್ದೆ, ನಿಮ್ಮವ್ವ ನಕ್ಕು ನಕ್ಕು ಬಿಕ್ಕಳಿಸುತ್ತಿದ್ದಳು. ಈ ಸಲದವನ್ನೂ ಎತ್ತಿಟ್ಟುಕೊಂಡಿರು.

ಮಾರ್ಚ್ ಮೊದಲ ವಾರದಲ್ಲೇ ಬರೆಯುತ್ತೇನೆ ಎಂದವನು ಏಪ್ರಿಲ್ ಬಂದ ಮೇಲೆ ಪೆನ್ನು ಹಿಡಿದಿದ್ದೇನೆ. ತಪ್ಪು ನನ್ನದೇ. ಆದರೆ ಈ ಸಲ ಸೋಮಾರಿತನ ಕಾರಣವಲ್ಲ. ನಿಮ್ಮಪ್ಪ ಅರವತ್ತಾರನೇ ವಯಸ್ಸಿನಲ್ಲಿ ಕಮಿಟಿ ಮೆಂಬರ್ ಆಗಿದ್ದಾನೆ. ಇಸ್ತ್ರಿ ಮಾಡಿದ ಶರಟು, ಜೇಬಿನಲ್ಲಿ ಎರಡು ಪೆನ್ನು. ಎರಡನೇ ಪೆನ್ನು ಯಾಕೆ ಎಂದು ನಿನ್ನ ತಮ್ಮ ರಾಹುಲ ಕೇಳಿದ. ಕಮಿಟಿ ಎಂದ ಮೇಲೆ ಯಾರಾದರೊಬ್ಬರು ಪೆನ್ನು ಕೇಳಿಯೇ ಕೇಳುತ್ತಾರೆ, ಅವನಿಗೆ ಅಷ್ಟೂ ಗೊತ್ತಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು 'ಹ್ಞೂಂ ಅಪ್ಪಾಜಿ' ಎನ್ನುತ್ತೀಯ, ನಾನು 'ಸರಿ, ನಿಮ್ಮವ್ವಂಗೆ ಕೊಡ್ತೀನಿ' ಎನ್ನುತ್ತೇನೆ. ಮೂರು ವರ್ಷದಿಂದ ನಮ್ಮಿಬ್ಬರ ಮಾತು ಇಷ್ಟೇ. ದಸರಾ ರಜೆಯಲ್ಲಿ ಬಂದಾಗಲೂ ಕುರ್ಚಿಯ ತುದಿಯಲ್ಲಿ ಕೂತು 'ಊಟ ಆಯ್ತು ಅವ್ವ, ಬಸ್ ಸ್ಟ್ಯಾಂಡಲ್ಲೇ ಮಾಡ್ಕಂಡ್ ಬಂದೆ' ಎಂದೆ. ನಿಮ್ಮವ್ವ ನೀರು ತರಲು ಎದ್ದರೆ ಬೇಡವೆಂದು ಬ್ಯಾಗಿನಿಂದ ನಿನ್ನ ಬಾಟಲಿ ತೆಗೆದು ಕುಡಿದೆ. ರಾಹುಲ ಪವಿತ್ರರ ಪುಟ್ಟಿಯನ್ನು ಸಂಜೆಯವರೆಗೆ ಆಡಿಸಿ ಹೊರಟುಹೋದೆ. ಮೂರು ವರ್ಷದಲ್ಲಿ ಈ ಮನೆಯಲ್ಲಿ ನೀನು ಒಂದು ತುತ್ತು ಉಂಡಿಲ್ಲ, ಒಂದು ಗುಟುಕು ನೀರು ಕುಡಿದಿಲ್ಲ. ಯಾಕೆಂದು ನಾನು ಕೇಳಿಲ್ಲ, ನೀನು ಹೇಳಿಲ್ಲ.

ಮೇ ಒಂದನೇ ತಾರೀಕು ಬುದ್ಧ ಪೂರ್ಣಿಮೆ. ನಿನಗೂ ರಜೆ. ಬಂದು ಈ ಮನೆಯಲ್ಲಿ ಕೂತು ಉಣ್ಣಬೇಕೆಂದು ಕರೆಯುವುದಕ್ಕೇ ಈ ಕಾಗದ. ಬರುವುದೋ ಬಿಡುವುದೋ, ಕೊನೆಯ ಸಾಲಿನವರೆಗೂ ಓದಿ ಆಮೇಲೆ ತೀರ್ಮಾನ ಮಾಡು. ಮೊದಲು ಕಮಿಟಿಯ ಕಥೆ ಕೇಳು.

ನಾನು ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದ ಲಷ್ಕರ್ ಮೊಹಲ್ಲಾದ ಆಸ್ಪತ್ರೆಯಿಂದ ಫೆಬ್ರವರಿಯಲ್ಲಿ ಫೋನ್ ಬಂತು. ಆಡಳಿತಾಧಿಕಾರಿ ದೊರೆಸ್ವಾಮಿಯವರು. 'ಮಹದೇವಯ್ಯನವ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಲ್ಲ' ಎಂದರು. ಮತ್ತೆ ಯಾವುದೋ ಬೀರುವಿನ ಕೀಲಿ ಕಳೆದಿದ್ದಾರೆ ಎಂದುಕೊಂಡು ಹೋದೆ. ಕೀಲಿಯಲ್ಲ. ಥೈರಾಯ್ಡ್ ಕ್ಯಾನ್ಸರಿನವರಿಗೆ ವಿಕಿರಣದ ಅಯೋಡಿನ್ ಕೊಡುವ ಚಿಕಿತ್ಸೆಯನ್ನು ನಮ್ಮ ಆಸ್ಪತ್ರೆಯಲ್ಲೂ ಶುರು ಮಾಡುತ್ತಾರಂತೆ. ನಿನಗೆ ಬೆಂಗಳೂರಿನಲ್ಲಿ ಕೊಟ್ಟರಲ್ಲ, ಅದೇ. ರೋಗಿಗಳಿಗೆ ಎರಡು ಕೋಣೆಯ ವಾರ್ಡು ಸಿದ್ಧವಾಗಿದೆ. ಸಿದ್ಧವಾಗದೆ ಉಳಿದಿರುವುದು ಕಸದ ಕೋಣೆ. ಆ ಔಷಧ ತೆಗೆದುಕೊಂಡವರು ಉಟ್ಟ ಬಟ್ಟೆ, ಒರೆಸಿದ ಹತ್ತಿ, ಉಂಡು ಬಿಟ್ಟ ಅನ್ನ ಎಲ್ಲದರಲ್ಲೂ ವಿಕಿರಣದ ಅಂಶ ಇರುತ್ತದೆ, ಅದನ್ನು ಬೇರೆ ಕಸದ ಜೊತೆ ಹೊರಗೆ ಹಾಕುವಂತಿಲ್ಲ. ಅದು ತಾನಾಗಿ ತಣ್ಣಗಾಗುವವರೆಗೆ ಬೀಗ ಹಾಕಿ ಇಟ್ಟುಕೊಳ್ಳಬೇಕು. ಎಲ್ಲಿ? ಇದನ್ನು ತೀರ್ಮಾನಿಸಲು ಐದು ಜನರ ಕಮಿಟಿ. ಆಸ್ಪತ್ರೆಯ ಮೂಲೆ ಮೂಲೆಯೂ ಗೊತ್ತಿರುವವನು ಎಂದು ನನಗೊಂದು ಕುರ್ಚಿ.

ಉಳಿದವರನ್ನು ಪರಿಚಯ ಮಾಡಿಸುತ್ತೇನೆ. ದೊರೆಸ್ವಾಮಿಯವರೇ ಅಧ್ಯಕ್ಷರು, ಒಳ್ಳೆಯವರು, ಆದರೆ ಯಾವ ಮಾತನ್ನೂ 'ಅದೇನು ದೊಡ್ಡ ವಿಷಯವಲ್ಲ' ಎಂದೇ ಶುರು ಮಾಡುತ್ತಾರೆ. ಶಿವಾನಿ ಎಂಬ ಹುಡುಗಿ ವಿಕಿರಣ ಸುರಕ್ಷತೆಯ ಅಧಿಕಾರಿ. ಕೈಯಲ್ಲಿ ಯಾವಾಗಲೂ ಟಿಕ್ ಟಿಕ್ ಎನ್ನುವ ಮೀಟರು. ವಯಸ್ಸು ಮೂವತ್ತು ದಾಟಿಲ್ಲ, ಆದರೆ ಸುಮ್ಮನಿರುವುದು ಯಾವಾಗ ಎಂಬುದು ಗೊತ್ತು. ಬೀದಿಯವರ ಪರವಾಗಿ ನಂಜುಂಡಯ್ಯ, ಆಸ್ಪತ್ರೆ ಗೇಟಿನ ಎದುರಿಗೇ ಅವರ ಬೀಗದ ಅಂಗಡಿ. ಇನ್ನು ನಮ್ಮ ಸರೋಜಮ್ಮ. ಸ್ವಚ್ಛತೆಯ ಕೆಲಸದವರಿಗೆಲ್ಲ ಮೇಸ್ತ್ರಿ ಈಗ. ಆಸ್ಪತ್ರೆಯ ಹಿಂದಿನ ಮೂಲೆಯಲ್ಲಿ ಕೆಲಸದವರಿಗೆ ಕಟ್ಟಿಸಿದ ಲೈನ್ ಮನೆಗಳಿವೆಯಲ್ಲ, ಮೂರನೆಯದು ಅವಳದು. ನೀನು ಚಿಕ್ಕವಳಿದ್ದಾಗ ನನ್ನ ಸ್ಟೋರಿಗೆ ಬಂದರೆ ಕಡಲೆಪುರಿ ಕೊಡುತ್ತಿದ್ದಳು, ನೆನಪಿರಬೇಕು.

ಮೊದಲ ಮೀಟಿಂಗಿನಲ್ಲಿ ನಂಜುಂಡಯ್ಯ ಕೂತ ತಕ್ಷಣ ತೀರ್ಪು ಕೊಟ್ಟುಬಿಟ್ಟರು. 'ಇದಕ್ಕೆ ಯಾಕೆ ಸ್ವಾಮಿ ಇಷ್ಟು ಜನ? ಊರಾಚೆ ಕಳ್ಸಿ. ನಂಜನಗೂಡು ರೋಡಲ್ಲಿ ಎಲ್ಲಾರ ಒಂದು ಗುಂಡಿ ತೋಡ್ಸಿ ಮುಚ್ಬುಡಿ.'

'ಅಲ್ಲೂ ಜನ ಅವ್ರೆ ಕಣ್ ಸ್ವಾಮಿ. ನಮ್ಮಕ್ಕನ ಮನೆ ಇರೋದು ಅಲ್ಲೇಯ' ಎಂದಳು ಸರೋಜಮ್ಮ.

'ನಿಮ್ಮಕ್ಕನ ಮನೆ ಬುಟ್ಟು ಆಚೆಗೆ ತೋಡ್ಸನ ಬುಡಮ್ಮ.'

'ಆಚೆಗೆ ನಮ್ಮಣ್ಣನ ಮನೆ ಅದೆ.'

ಇವಳಿಗೆ ಎಷ್ಟು ಜನ ಅಕ್ಕ ಅಣ್ಣಂದಿರೋ ಎಂದು ನಾವು ನಕ್ಕೆವು. ಶಿವಾನಿ ಹೇಳಿದಳು, ರಸ್ತೆಯ ಮೇಲೆ ಸಾಗಿಸುವ ಮಾತೇ ಇಲ್ಲ, ಆಸ್ಪತ್ರೆಯಲ್ಲಿ ಹುಟ್ಟಿದ್ದು ಆಸ್ಪತ್ರೆಯಲ್ಲೇ ತಣ್ಣಗಾಗಬೇಕು ಎಂದು. ನಂಜುಂಡಯ್ಯನವರ ಮುಖ ಬಿಳಿಚಿತು. 'ಸಾವಿರಾರು ವರ್ಸ ಇರ್ತದಂತಲ್ಲಮ್ಮ ಅದು? ನಾನು ಟೀವೀಲಿ ನೋಡಿವ್ನಿ.'

'ಅದು ಕರೆಂಟು ತಯಾರಿಸೋ ಕಡೇದು ಸಾರ್. ಅದಕ್ಕೆ ಜಾಗ ಹುಡುಕೋರ ಕಷ್ಟ ನಮಗೆ ಬೇಡ. ಇನ್ನೂ ಹುಟ್ಟೇ ಇಲ್ಲದೋರ ಒಪ್ಪಿಗೇನೂ ಕೇಳ್ಬೇಕಾಗ್ತದೆ. ನಮ್ಮದು ಅಷ್ಟು ದಿನ ಇರಲ್ಲ.'

ಎಷ್ಟು ದಿನ ಎಂದು ಅವಳು ವಿವರಿಸುವ ಮೊದಲೇ ನಾನು ಎದ್ದು ನಿಂತೆ. ಟೀ ಜೊತೆ ಬಂದಿದ್ದ ತಟ್ಟೆಯಿಂದ ಒಂದು ಬೆಣ್ಣೆ ಬಿಸ್ಕತ್ತು ತೆಗೆದುಕೊಂಡೆ. 'ನೋಡಿ ನಂಜುಂಡಯ್ಯನೋರೇ, ಇದು ಇವತ್ತಿನ ಅಯೋಡಿನ್ನು. ಎಂಟು ದಿನಕ್ಕೆ ಅರ್ಧ' ಎಂದು ಮುರಿದೆ. 'ಹದಿನಾರು ದಿನಕ್ಕೆ ಕಾಲು. ಇಪ್ಪತ್ನಾಲ್ಕಕ್ಕೆ ಅರೆಕಾಲು.' ಹೀಗೆ ಮುರಿಯುತ್ತಾ ಹೋದೆ, ಮುರಿದ ಚೂರನ್ನು ನಂಜುಂಡಯ್ಯ ತಮಗೇ ಗೊತ್ತಿಲ್ಲದಂತೆ ಬಾಯಿಗೆ ಹಾಕಿಕೊಳ್ಳುತ್ತಾ ಹೋದರು. ಎಂಬತ್ತನೇ ದಿನಕ್ಕೆ ನನ್ನ ಬೆರಳಿನಲ್ಲಿ ಉಳಿದದ್ದು ಕಣ್ಣಿಗೆ ಕಾಣದ ಒಂದು ಪುಡಿ. ಸಾವಿರದಲ್ಲಿ ಒಂದು ಪಾಲೂ ಇಲ್ಲ. ಆಗ ಮೀಟರಿನಲ್ಲಿ ನೋಡಿ, ಮಾಮೂಲಿ ಕಸದ ಜೊತೆ ಕಳಿಸಬಹುದು.

ಶಿವಾನಿ ಚಪ್ಪಾಳೆ ತಟ್ಟಿದಳು. 'ಸಾರ್, ನನಗೂ ಇಷ್ಟು ಚೆನ್ನಾಗಿ ಹೇಳಕ್ಕೆ ಬರ್ತಿರ್ಲಿಲ್ಲ. ಎಲ್ಲಿ ಕಲಿತ್ರಿ?'

ಮನೆಯಲ್ಲಿ ಎಂದೆ. ಅವಳು ಮುಂದೆ ಕೇಳಲಿಲ್ಲ. ಬಿಸ್ಕತ್ತಿನ ಈ ಲೆಕ್ಕವನ್ನು ನನಗೆ ಕಲಿಸಿದ್ದು ಯಾರು ಎಂದು ನಿನಗೆ ಗೊತ್ತು. ನೀನು ಹೇಳಿಕೊಟ್ಟ ದಿನ ಅದನ್ನು ನಾನು ನಂಬಲಿಲ್ಲ ಎಂಬುದೂ ಗೊತ್ತು.

ಇಷ್ಟು ಬರೆಯುವಷ್ಟರಲ್ಲಿ ನಿಮ್ಮವ್ವ ಊಟಕ್ಕೆ ಕರೆಯುತ್ತಿದ್ದಾಳೆ. ಇವತ್ತು ಹುರುಳಿಕಾಳಿನ ಬಸ್ಸಾರು. ಮುದ್ದೆ ಆರಿದರೆ ಮಂಡಿ ನೋವಿನ ಜೊತೆ ತಲೆನೋವೂ ಶುರುವಾಗುತ್ತದೆ.

ಸೋಮವಾರ ಬೆಳಗ್ಗೆ

ನಿನ್ನೆ ಊಟವಾದ ಮೇಲೆ ಪುಟ್ಟಿ ನನ್ನ ಕನ್ನಡಕ ಹಾಕಿಕೊಂಡು ಕಮಿಟಿ ಮೀಟಿಂಗ್ ಆಟ ಆಡಿದಳು. ಮೂರೂ ಗೊಂಬೆಗಳಿಗೆ ಬೈದು, 'ಯಾರೂ ಮಾತಾಡ್ಬಾರ್ದು, ಟೀ ಕುಡೀರಿ' ಎಂದಳು. ದೊರೆಸ್ವಾಮಿಯವರನ್ನು ಅವಳು ನೋಡೇ ಇಲ್ಲ, ಹೇಗೆ ಗೊತ್ತಾಯಿತೋ.

ಎರಡನೇ ಮೀಟಿಂಗಿನ ವಿಷಯ ಸ್ವಲ್ಪ ನಿಧಾನವಾಗಿ ಓದು. ದೊರೆಸ್ವಾಮಿಯವರು ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಎಲ್ಲರ ಮುಂದೆ ಕೇಳಿದರೆ ಜನ ಮನಸ್ಸಿನ ಮಾತು ಹೇಳುವುದಿಲ್ಲ, ಗುಟ್ಟಾಗಿ ಗುರುತು ಹಾಕಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಆಸ್ಪತ್ರೆಯ ದೊಡ್ಡ ನಕ್ಷೆಯನ್ನು ಪಕ್ಕದ ಕೋಣೆಯ ಮೇಜಿನ ಮೇಲೆ ಹಾಸಿದರು. ಒಬ್ಬೊಬ್ಬರೇ ಒಳಗೆ ಹೋಗಿ, ತಮಗೆ ಸರಿ ಎನ್ನಿಸಿದ ಎರಡು ಜಾಗ ತೋರಿಸಬೇಕು. ಗುರುತಿಗೆ ಏನು? ದೊರೆಸ್ವಾಮಿಯವರು ಪಿನ್ನು ತರಿಸಲು ಮರೆತಿದ್ದರು. ಸರೋಜಮ್ಮ ತನ್ನ ಪರ್ಸಿನಿಂದ ಕೆಂಪು ಸ್ಟಿಕರ್ ಬೊಟ್ಟಿನ ಹಾಳೆ ತೆಗೆದು, 'ತಕ್ಕಳಿ, ದೇವರಾಜ ಮಾರ್ಕೆಟ್ಟಿಂದು, ಗಟ್ಟಿಯಾಗಿ ಅಂಟ್ಕತದೆ' ಎಂದಳು. ಶಿವಾನಿ ಮಾತ್ರ, ತಾನು ಅಳತೆ ಮಾಡುವವಳು, ಮತ ಹಾಕುವವಳಲ್ಲ ಎಂದು ಕೂತೇ ಇದ್ದಳು.

ದೊರೆಸ್ವಾಮಿ ಹೋಗಿ ಬಂದರು. ನಂಜುಂಡಯ್ಯ ಹೋಗಿ ಬಂದರು. ನಾನು ಹೋದೆ. ನಕ್ಷೆಯ ಹಿಂದಿನ ಮೂಲೆಯಲ್ಲಿ ಆಗಲೇ ನಾಲ್ಕು ಬೊಟ್ಟು ಒತ್ತೊತ್ತಾಗಿ ಕೂತಿದ್ದವು. ನಾನೂ ಒಂದನ್ನು ಅವುಗಳ ಎಡಕ್ಕೆ, ಒಂದನ್ನು ಬಲಕ್ಕೆ ಅಂಟಿಸಿದೆ. ಯಾಕೆ ಎಂದು ಕೇಳಿಕೊಳ್ಳಲಿಲ್ಲ ಕಣಮ್ಮ. ಬೇಡದ್ದು ಹಿಂದಕ್ಕೆ ಎಂದು ಕೈಗೇ ಗೊತ್ತಿತ್ತು. ಕೊನೆಗೆ ಹೋದ ಸರೋಜಮ್ಮ ಬೆರಳ ತುದಿಯಲ್ಲಿ ತನ್ನ ಬೊಟ್ಟು ಇಟ್ಟುಕೊಂಡೇ ವಾಪಸು ಬಂದಳು.

'ಯಾಕಮ್ಮ, ಅಂಟಿಸ್ಲಿಲ್ವಾ?' ಎಂದರು ದೊರೆಸ್ವಾಮಿ.

'ಎಲ್ಲಿ ಅಂಟಿಸ್ಲಿ ಸಾರ್? ಮೂರು ಜನ ಗಂಡಸ್ರು ಸೇರ್ಕಂಡು ಆರಕ್ಕೆ ಆರೂ ನಮ್ಮನೆ ಮ್ಯಾಲೇ ಇಟ್ಬುಟ್ಟಿದ್ದೀರಲ್ಲ.' ಹೀಗೆಂದವಳೇ ಆ ಬೊಟ್ಟನ್ನು ತನ್ನ ಹಣೆಗೇ ಇಟ್ಟುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, 'ನೀವೂನಾ ಮಾದೇವಣ್ಣ?' ಎಂದಳು.

ನಾನು ಜೇಬಿನ ಎರಡೂ ಪೆನ್ನುಗಳನ್ನು ಸರಿಮಾಡಿಕೊಂಡೆ. ದೊರೆಸ್ವಾಮಿಯವರು, 'ಅದೇನು ದೊಡ್ಡ ವಿಷಯವಲ್ಲ ಸರೋಜಮ್ಮ, ಗೋಡೆ ಹಾಕಿದ್ಮೇಲೆ ಪಕ್ಕದಲ್ಲಿ ಮಲಗಿದ್ರೂ ಏನೂ ಆಗಲ್ಲ, ಜನಕ್ಕೆ ಸುಮ್ನೆ ಭಯ' ಎಂದರು. ಶಿವಾನಿ ಆ ಮಾತನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡಳು.

ಮನೆಗೆ ಬಂದು ನಿಮ್ಮವ್ವನಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ, 'ನಿಮ್ ಬೊಟ್ಟು ಎಲ್ಲಿಕ್ಕಿದ್ರಿ?' ಎಂದು ಕೇಳಿದಳು. ನನ್ನವೂ ಅಲ್ಲೇ ಎಂದೆ. 'ಅಂಗೇ ಅನ್ಕಂಡೆ ಬುಡಿ' ಎಂದು ಹಿತ್ತಿಲ ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ. ಅಲ್ಲಿ ಏನು ನೋಡಿದೆವು ಎಂಬುದನ್ನು ಆಮೇಲೆ ಬರೆಯುತ್ತೇನೆ. ಅವತ್ತು ನಾನು ಸರಿಯಾಗಿ ಉಣ್ಣಲಿಲ್ಲ, ನಿಮ್ಮವ್ವ ಬಲವಂತವನ್ನೂ ಮಾಡಲಿಲ್ಲ.

ಮೂರನೇ ಮೀಟಿಂಗಿಗೆ ಹೋಗುವಾಗ ಒಂದು ತೀರ್ಮಾನ ಮಾಡಿಕೊಂಡು ಹೋದೆ. ಕೈ ಹೇಳಿದ ಕಡೆ ಬೊಟ್ಟು ಇಡುವುದಲ್ಲ, ಸ್ಟೋರಿನಲ್ಲಿ ಮಾಡುತ್ತಿದ್ದ ಹಾಗೆ ಮಾಡುವುದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ್ಯಸಿಡ್ ಬಾಟಲಿಗಳು ಬಂದರೆ ಎಲ್ಲಿಡಬೇಕೆಂದು ಹಿರಿಯ ಸ್ಟೋರ್ ಕೀಪರು ಒಂದು ಉಪಾಯ ಕಲಿಸಿದ್ದರು. ಲೋಟದ ಕಂಠದವರೆಗೆ ನೀರು ತುಂಬಿಕೊಂಡು, ಸರಕು ಹೊರಡುವ ಕಡೆಯಿಂದ ಇಡುವ ಕಡೆಗೆ ಮಾಮೂಲಿ ನಡಿಗೆಯಲ್ಲಿ ನಡೆಯಬೇಕು. ದಾರಿಯಲ್ಲಿ ಎಷ್ಟು ಚೆಲ್ಲುತ್ತದೆ ನೋಡಬೇಕು. ಯಾವ ದಾರಿಯಲ್ಲಿ ಚೆಲ್ಲುವುದಿಲ್ಲವೋ ಅದೇ ಜಾಗ. ಮೂವತ್ತೊಂದು ವರ್ಷದಲ್ಲಿ ನನ್ನ ಸ್ಟೋರಿನಲ್ಲಿ ಒಂದು ಬಾಟಲಿ ಒಡೆದಿಲ್ಲ.

ಇದನ್ನು ಹೇಳಿದಾಗ ಶಿವಾನಿಯ ಕಣ್ಣು ಹೊಳೆಯಿತು. 'ಕರೆಕ್ಟ್ ಸಾರ್. ಇಟ್ಟ ಕಡೆಗಿಂತ ಹೊತ್ಕೊಂಡು ಹೋಗೋ ದಾರೀಲೇ ಅಪಾಯ ಜಾಸ್ತಿ' ಎಂದಳು. ಯಾರು ನಡೆಯಬೇಕು? ದಿನಾ ಹೊರುವವಳು ನಾನೇ ತಾನೆ ಎಂದು ಸರೋಜಮ್ಮ ಎದ್ದಳು. ನಾನು ಬೇಡ ಎಂದೆ. ಅಧ್ಯಕ್ಷರೇ ನಡೆಯಲಿ, ಇವಳು ಎಷ್ಟೋ ವರ್ಷದಿಂದ ಬಕೀಟು ಹೊತ್ತವಳು, ಇವಳ ಕೈಯಲ್ಲಿ ಬೆಟ್ಟ ಹತ್ತಿದರೂ ಚೆಲ್ಲುವುದಿಲ್ಲ ಎಂದೆ.

ನೀನು ನೋಡಬೇಕಿತ್ತು ಸಂಘು. ದೊರೆಸ್ವಾಮಿಯವರು ಕ್ಯಾಂಟೀನಿನ ಸ್ಟೀಲ್ ಲೋಟ ಹಿಡಿದು ಹೊಸ ವಾರ್ಡಿನ ಬಾಗಿಲಿನಿಂದ ಹಿಂದಿನ ಮೂಲೆಗೆ ಹೊರಟರು. ಹೊರರೋಗಿಗಳ ಸಾಲು ಅಡ್ಡ ಬಂತು. ಇಳಿಜಾರಿನಲ್ಲಿ ಗಾಲಿಕುರ್ಚಿ ಎದುರಾಯಿತು. ಕ್ಯಾಂಟೀನಿನ ಮುಂದೆ ಯಾರೋ 'ನಮಸ್ಕಾರ ಸಾರ್' ಎಂದರು, ಇವರು ಅಭ್ಯಾಸಬಲದಿಂದ ಕೈ ಎತ್ತಿದರು. ಲೈನ್ ಮನೆ ಮುಟ್ಟುವ ಹೊತ್ತಿಗೆ ಅರ್ಧ ಲೋಟ ಪ್ಯಾಂಟಿನ ಮೇಲಿತ್ತು. ಅಲ್ಲಿ ನೋಡಿದರೆ ಚರಂಡಿ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರು. 'ಮಳೆ ಬಂದ್ರೆ ನಮ್ಮ ಹೊಸ್ಲು ತನಕ ಬತ್ತದೆ ಸಾರ್. ಆರು ಸಲ ಅರ್ಜಿ ಕೊಟ್ಟಿವ್ನಿ' ಎಂದಳು ಸರೋಜಮ್ಮ. ನೀರು ನಿಲ್ಲುವ ಜಾಗದಲ್ಲಿ ಇಂಥ ಕೋಣೆ ಕಟ್ಟುವಂತೆಯೇ ಇಲ್ಲ ಎಂದು ಶಿವಾನಿ ನಕ್ಷೆಯ ಮೇಲೆ ಗೀಟು ಹಾಕಿದಳು. ಆರು ಬೊಟ್ಟೂ ಒಂದೇ ಗೀಟಿಗೆ ಹೋದವು.

ಆಮೇಲೆ ನಾನು ಲೋಟ ತುಂಬಿಸಿ ಮತ್ತೆ ಅವರ ಕೈಗೆ ಕೊಟ್ಟು, 'ಈಗ ಈ ಕಡೆ ಬನ್ನಿ ಸಾರ್' ಎಂದೆ. ವಾರ್ಡಿನ ಬಾಗಿಲು ದಾಟಿ, ಎಡಕ್ಕೆ ತಿರುಗಿ, ಹನ್ನೊಂದು ಹೆಜ್ಜೆ. ಒಂದು ಹನಿ ಚೆಲ್ಲಲಿಲ್ಲ. ಎದುರಿಗೆ ನನ್ನ ಹಳೆಯ ಸ್ಟೋರು! ಹಳೇ ಕಾಲದ ಎರಡಡಿ ದಪ್ಪದ ಗೋಡೆ, ಕಿಟಕಿಯಿಲ್ಲ, ಒಂದೇ ಬಾಗಿಲು, ನೆಲ ಯಾವ ಮಳೆಗೂ ಒದ್ದೆಯಾಗಿದ್ದನ್ನು ನಾನು ಕಂಡಿಲ್ಲ. ಈಗ ಅಲ್ಲಿ ಮುರಿದ ಮಂಚಗಳನ್ನು ತುಂಬಿದ್ದಾರೆ, ನೋಡಿ ಹೊಟ್ಟೆ ಉರಿಯಿತು. ಶಿವಾನಿ ಗೋಡೆ ಅಳೆದಳು, ನೆಲ ತಟ್ಟಿದಳು. ಇದಕ್ಕಿಂತ ಒಳ್ಳೆಯ ಜಾಗ ಈ ಆಸ್ಪತ್ರೆಯಲ್ಲಿಲ್ಲ ಎಂದಳು.

ದೊರೆಸ್ವಾಮಿಯವರಿಗೂ ಖುಷಿಯಾಯಿತು. ಆದರೆ ಒಂದು ನಿಮಿಷ ಬಿಟ್ಟು ಅವರು ಒಳಗಿನ ಗೋಡೆಯನ್ನು ಮುಟ್ಟಿ, 'ಈ ಗೋಡೆ ಆಚೆ ಏನಿದೆ?' ಎಂದು ಕೇಳಿದರು.

'ನಿಮ್ಮ ಕುರ್ಚಿ ಸಾರ್' ಎಂದೆ.

'ಅಂದ್ರೆ, ನನ್ನ ತಲೆ ಹಿಂದೇನಾ?'

ಶಿವಾನಿ ಪುಸ್ತಕದ ಹಿಂದಿನ ಹಾಳೆ ತೆಗೆದು, ವಿನಯವಾಗಿ, 'ಗೋಡೆ ಹಾಕಿದ್ಮೇಲೆ ಪಕ್ಕದಲ್ಲಿ ಮಲಗಿದ್ರೂ ಏನೂ ಆಗಲ್ಲ, ಜನಕ್ಕೆ ಸುಮ್ನೆ ಭಯ. ಹೋದ ಮೀಟಿಂಗಲ್ಲಿ ತಾವೇ ಹೇಳಿದ್ದು ಸಾರ್' ಎಂದು ಓದಿದಳು. ನಂಜುಂಡಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಧಾರಿಸಿಕೊಂಡ ಮೇಲೆ ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. 'ಸಾಹೇಬ್ರೇ, ಸತ್ಯ ಹೇಳ್ತೀನಿ. ನೀವು ಅದನ್ನ ಹಿಂದ್ಗಡೆ ಇಟ್ಟಿದ್ರೆ ನಾನು ದಿನಾ ಭಯ ಪಡ್ತಿದ್ದೆ. ನಿಮ್ಮ ಬೆನ್ನಿಗೇ ಇಟ್ಕಂಡ್ರೆ ನಂಗೆ ಧೈರ್ಯ. ಬೀಗ ನನ್ನ ಅಂಗಡೀದೇ ಹಾಕಿ, ಅಂಥಾದ್ದು ಇನ್ನೆಲ್ಲೂ ಸಿಗಲ್ಲ.'

ದೊರೆಸ್ವಾಮಿಯವರು ನಿಜವಾಗಿಯೂ ಒಳ್ಳೆಯವರು ಎಂದು ಮೊದಲೇ ಬರೆದೆನಲ್ಲ. ತಮ್ಮ ಕೋಣೆಗೆ ಹೋಗಿ, ಕುರ್ಚಿಯಲ್ಲಿ ಕೂತು, ತಲೆಯ ಹಿಂದಿನ ಗೋಡೆಯನ್ನು ಎರಡು ಸಲ ತಿರುಗಿ ನೋಡಿದರು. ಶಿವಾನಿಯನ್ನು ಕರೆದು, ಕಸ ತುಂಬುವ ಸೀಸದ ಪೆಟ್ಟಿಗೆ ಎಷ್ಟು ದಪ್ಪ, ಮೀಟರಿನಲ್ಲಿ ಎಷ್ಟು ಬಂದರೆ ಎದ್ದು ಹೋಗಬೇಕು ಎಂದೆಲ್ಲ ಮುಕ್ಕಾಲು ಗಂಟೆ ವಿಚಾರಿಸಿದರು. ಹಿಂದಿನ ಎರಡು ಮೀಟಿಂಗಿನಲ್ಲಿ ಇದರಲ್ಲಿ ಒಂದನ್ನೂ ಅವರು ಕೇಳಿರಲಿಲ್ಲ. ಕೊನೆಗೆ 'ಆಯ್ತು, ಇದೇನು ದೊಡ್ಡ ವಿಷಯವಲ್ಲ' ಎಂದು ಸಣ್ಣ ದನಿಯಲ್ಲಿ ಹೇಳಿ ಸಹಿ ಹಾಕಿದರು. ಅವರ ಪೆನ್ನು ಬರೆಯಲಿಲ್ಲ. ನನ್ನ ಎರಡನೇ ಪೆನ್ನು ಕೊಟ್ಟೆ. ಫೋನ್ ಮಾಡಿದಾಗ ರಾಹುಲನಿಗೆ ಹೇಳು.

ಸರೋಜಮ್ಮ ನಕ್ಷೆಯಿಂದ ಆರೂ ಬೊಟ್ಟುಗಳನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದಳು, ಒಂದೇ ಒಂದನ್ನು ಹಳೆಯ ಸ್ಟೋರಿನ ಮೇಲೆ ಅಂಟಿಸಿದಳು. ಉಳಿದ ಐದನ್ನು ಹಾಳೆಗೆ ವಾಪಸು ಅಂಟಿಸಿ ಪರ್ಸಿಗೆ ಹಾಕಿಕೊಂಡಳು. ಕಮಿಟಿಯ ವರದಿಯಲ್ಲಿ ಲೈನ್ ಮನೆಯ ಚರಂಡಿಯನ್ನೂ ಸೇರಿಸಿದ್ದೇವೆ, ಕೆಲಸ ಹೋದ ವಾರ ಶುರುವಾಯಿತು. ಜೂನಿನಲ್ಲಿ ಮೊದಲ ರೋಗಿ ಬರಬಹುದು. ಮೊದಲ ಮೂರು ತಿಂಗಳು ಕಸದ ಕೋಣೆಯ ಪುಸ್ತಕ ನೋಡಿಕೊಳ್ಳಲು ನನ್ನನ್ನೇ ಕರೆದಿದ್ದಾರೆ. ಯಾವ ಚೀಲ ಯಾವತ್ತು ಬಂತು, ಯಾವತ್ತು ಹೊರಡಬಹುದು, ಅಷ್ಟೇ ಕೆಲಸ. ದಿನಗಳನ್ನು ಸರಿಯಾಗಿ ಎಣಿಸುವವರು ಬೇಕು ಎಂದು ಶಿವಾನಿ ಹೇಳಿದಳು. ಒಪ್ಪಿಕೊಂಡೆ.

ರಾಹುಲ, ಪವಿತ್ರ ನಿನ್ನನ್ನು ಕೇಳಿದ್ದಾರೆ. ಪುಟ್ಟಿ 'ಅತ್ತೆ ಯಾವತ್ ಬತ್ತದೆ' ಎಂದು ದಿನಕ್ಕೊಂದು ಸಲ ವಿಚಾರಿಸುತ್ತಾಳೆ. ನಿಮ್ಮವ್ವ ಅಕ್ಕಿ ಪಾಯಸವೋ ಶಾವಿಗೆ ಪಾಯಸವೋ ಎಂದು ಈಗಲೇ ಯೋಚನೆಗೆ ಬಿದ್ದಿದ್ದಾಳೆ. ನಿನ್ನ ಗಂಟಲಿನ ಪರೀಕ್ಷೆಯನ್ನು ತಪ್ಪಿಸಬೇಡ, ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೋ. ಶಾಲೆಯ ಮಕ್ಕಳ ಪ್ರೀತಿ ನಿನ್ನ ಮೇಲಿರಲಿ, ಮೈಗೆ ನೆಮ್ಮದಿ ಇರಲಿ, ಬುದ್ಧನ ಕರುಣೆ ನಿನ್ನನ್ನು ಕಾಯಲಿ.

ಇಂತು ನಿನ್ನ ದಾರಿ ಕಾಯುವ,
ಅಪ್ಪಾಜಿ
ಮಹದೇವಯ್ಯ

ತಾ.ಕ.: ಮರೆತದ್ದನ್ನು ಇಲ್ಲಿ ಬರೆಯುತ್ತಾರೆ. ನಾನು ಮರೆತಿಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ನೀನು ಚಿಕಿತ್ಸೆ ಮುಗಿಸಿ ಬೆಂಗಳೂರಿನಿಂದ ಬಂದಾಗ ಪವಿತ್ರಳಿಗೆ ಐದು ತಿಂಗಳು, ಪುಟ್ಟಿ ಹೊಟ್ಟೆಯಲ್ಲಿದ್ದಳು. ಅದಕ್ಕೆ ಮೊದಲು ಒಂದು ಬಸಿರು ಹೋಗಿತ್ತು. ಹತ್ತು ದಿನ ಬೇರೆ ಮಲಗಲಿ, ತಟ್ಟೆ ಲೋಟ ಬೇರೆ ಇರಲಿ ಎಂದು ಡಾಕ್ಟರು ಹೇಳಿದ್ದರು. ಸ್ಟೋರಿನಲ್ಲಿ ಬೇರೆ ಸರಕಿನ ಜೊತೆ ಸೇರಬಾರದ ಸಾಮಾನಿಗೆ ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದೆವು. ನಿನ್ನ ತಟ್ಟೆಗೂ ಲೋಟಕ್ಕೂ ಅದೇ ಚುಕ್ಕೆ ಇಟ್ಟೆ. ಹಿತ್ತಿಲ ನಲ್ಲಿಯ ಮೇಲೆ, ಸೂರಿನ ಕೆಳಗೆ ಮೊಳೆ ಹೊಡೆದು ಲೋಟ ನೇತು ಹಾಕಿದೆ. ಹತ್ತನೇ ದಿನ ನೀನು ತಟ್ಟೆ ಲೋಟ ತೊಳೆದು ಅಡಿಗೆಮನೆಗೆ ತಂದೆ. ಬಿಸ್ಕತ್ತು ಮುರಿದು ಎಂಟು ದಿನದ ಲೆಕ್ಕ ಹೇಳಿದೆ, ಕ್ಯಾಲೆಂಡರಿನ ಹಿಂದೆ ಬರೆದೂ ತೋರಿಸಿದೆ. ನಾನು 'ಇನ್ನೊಂದಷ್ಟು ದಿನ ಅಲ್ಲೇ ಇರ್ಲಿ ಕಣಮ್ಮ' ಎಂದೆ. ನೀನು ನನ್ನ ಮುಖ ನೋಡಲಿಲ್ಲ, ಆ ಮೊಳೆಯನ್ನು ನೋಡಿದೆ. ಎಪ್ಪತ್ತೆರಡನೇ ದಿನ ಹಾಸನದ ಕೆಲಸಕ್ಕೆ ಹೊರಡುವಾಗಲೂ ಲೋಟವನ್ನು ತೊಳೆದು ಅದೇ ಮೊಳೆಗೆ ಹಾಕಿ ಹೋದೆ.

ನಮ್ಮೂರಿನ ಟೀ ಹೋಟೆಲಿನ ಸೂರಿನ ಕೆಳಗೆ ಹೀಗೇ ಒಂದು ಮೊಳೆಯಿತ್ತು, ಅದರಲ್ಲಿ ನಮ್ಮ ಕೇರಿಯವರ ಲೋಟ ನೇತಾಡುತ್ತಿತ್ತು. ನಮ್ಮಪ್ಪ ತಾವೇ ತೆಗೆದುಕೊಂಡು, ಮೇಲಿನಿಂದ ಹುಯ್ದ ಟೀ ಕುಡಿದು, ತಾವೇ ತೊಳೆದು ಅಲ್ಲಿಗೇ ಹಾಕುತ್ತಿದ್ದರು. ಆ ಕಥೆಯನ್ನು ನಿನಗೂ ರಾಹುಲನಿಗೂ ಎಷ್ಟು ಸಲ ಹೇಳಿದ್ದೇನೆ. ಹೇಳಿದ ಈ ಕೈಯೇ ನನ್ನ ಮನೆಯಲ್ಲಿ, ನನ್ನ ಮಗಳಿಗೆ, ಅದೇ ಎತ್ತರದಲ್ಲಿ ಮೊಳೆ ಹೊಡೆಯಿತು. ನಿನಗೆ ಅವತ್ತೇ ಅರ್ಥವಾಗಿತ್ತು. ನನಗೆ ಸರೋಜಮ್ಮ 'ನೀವೂನಾ'  ಎಂದ ದಿನ ಅರ್ಥವಾಯಿತು. ಪವಿತ್ರಳ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ಆ ಹುಡುಗಿ ಒಂದು ಸಲವೂ ಹೀಗೆ ಮಾಡಿ ಎನ್ನಲಿಲ್ಲ. ಮೊದಲ ಹತ್ತು ದಿನ ಡಾಕ್ಟರದ್ದು. ಉಳಿದ ಅರವತ್ತೆರಡು ದಿನ ನನ್ನದು. ತಪ್ಪಾಯಿತು ಮಗಳೇ.

ಮೊಳೆ ಕಿತ್ತಿದ್ದೇನೆ. ಲೋಟ ಅಡಿಗೆಮನೆಯಲ್ಲಿ ಎಲ್ಲ ಲೋಟಗಳ ಜೊತೆ ಇದೆ, ಒಂದು ತಿಂಗಳಿನಿಂದ ನಾನು ಅದರಲ್ಲೇ ಕುಡಿಯುತ್ತಿದ್ದೇನೆ. ಹುಣಿಸೆಹಣ್ಣು ಹಾಕಿ ಉಜ್ಜಿದರೂ ಆ ಕೆಂಪು ಹೋಗುತ್ತಿಲ್ಲ. ಇರಲಿ, ಅದು ಇನ್ನು ಮೇಲೆ ನನ್ನ ಲೋಟ. ನಿನಗೆ ಯಾವುದು ಬೇಕೋ ನೀನೇ ತೆಗೆದುಕೋ.

ಬರುವಾಗ ನೀರಿನ ಬಾಟಲಿ ತರಬೇಡ.